ಮೇಲಿನ ಗೆರೆ

ಮಲಗಲು, ಅಡುಗೆಗೆ ಜಾಗವಿರುವ ನಮ್ಮ ವ್ಯಾನಿನ ಹಿಂದೆ ಆ ಸಲ ದೋಣಿಯನ್ನೂ ಕಟ್ಟಿಕೊಂಡು ಹೊರಟೆವು. ಅಣ್ಣ ಯಾರಿಂದಲೋ ಕೊಂಡ ಹಳೆಯ ದೋಣಿ. ಅದರ ಹೊರಮೈಗೆ ಎರಡು ಬಿಳಿ ಗೆರೆ ಎಳೆದಿದ್ದ. ಒಬ್ಬರು ಕೂತರೆ ನೀರು ಕೆಳಗಿನ ಗೆರೆಗೆ, ಇಬ್ಬರು ಕೂತರೆ ಮೇಲಿನದಕ್ಕೆ.

ವ್ಯಾನು ನಿಂತಾಗಲೆಲ್ಲ ದೋಣಿಗೆ ಹೊದಿಸಿದ ಟಾರ್ಪಾಲು ಎತ್ತಿ ನೋಡುವುದು ನನ್ನ ಕೆಲಸ. ಮಳೆಯಿಲ್ಲದಿದ್ದರೂ ಮೂರು ಸಲವೂ ದೋಣಿಯಲ್ಲಿ ಹಿಂದೆ ಕೂರುವ ಹಲಗೆ ಒದ್ದೆಯಾಗಿತ್ತು. ಒರೆಸಿದರೆ ನೀರು ಬೆಚ್ಚಗಿತ್ತು.

"ದೋಣಿ ಒದ್ದೆ ಆಗ್ದೆ ಒಲೆ ಒದ್ದೆ ಆಗುತ್ತಾ?" ಎಂದು ಅಣ್ಣ ನಕ್ಕ.

ಮಧ್ಯಾಹ್ನ ಕೆರೆ ಸೇರಿದೆವು. ಅಣ್ಣ ದೋಣಿಯನ್ನು ನೀರಿಗಿಳಿಸಿ, ಹತ್ತಿ ಕೂತು ಮಗಳಿಗೆ ಕೈ ಚಾಚಿದ. "ಬಾ ಪುಟ್ಟಿ."

ನಾನು ಗೆರೆ ನೋಡಿದೆ. ಇದ್ದವನು ಅಣ್ಣ ಒಬ್ಬನೇ. ನೀರು ಮೇಲಿನ ಗೆರೆಯಲ್ಲಿತ್ತು.

ಪುಟ್ಟಿಯನ್ನು ಎಳೆದು ಅಪ್ಪಿಕೊಂಡೆ. "ಬೇಡ ಅಣ್ಣ. ನೀನೂ ಇಳಿ."

"ಬಾಯಿ ಇಲ್ಲದವಳಿಗೆ ಇವತ್ತೇನಾಯ್ತು?" ಎನ್ನುತ್ತ ಇಳಿದ. ದೋಣಿ ಖಾಲಿಯಾಯಿತು. ನೀರು ಕೆಳಗಿನ ಗೆರೆಗೆ ಇಳಿದು ಅಲ್ಲೇ ನಿಂತಿತು. ಅದನ್ನು ಕಂಡ ಅಣ್ಣ ನೇರ ವ್ಯಾನಿನತ್ತ ನಡೆದ.

ದೋಣಿಯನ್ನು ಅಲ್ಲೇ ಬಿಟ್ಟು ವಾಪಸು ಹೊರಟೆವು. ಬಹಳ ದೂರ ಬಂದ ಮೇಲೆ, ನೀರು ಕುಡಿಯಲು ಎದ್ದಿದ್ದ ಪುಟ್ಟಿ ಮರಳಿ ಬಂದು ತನ್ನ ಸೀಟಿನ ಮುಂದೆಯೇ ನಿಂತಳು.

"ಅತ್ತೆ, ನನ್ನ ಜಾಗ ಒದ್ದೆ ಆಗಿದೆ."

ಮುಟ್ಟಿ ನೋಡಿದೆ. ಬೆಚ್ಚಗಿತ್ತು.