ಬಣ್ಣಕ್ಕೆ ಹತ್ತರಲ್ಲಿ ಆರು

"ಛೀ... ಇದೆಂತದು ಹಿತೇಶ್?"

ಯಕ್ಷಿತಾಳ ದನಿಗೆ ಬಾಂದ್ರಾದ ಆ ಲ್ಯಾಪ್‌ಟಾಪ್ ಅಂಗಡಿಯೇ ತಿರುಗಿ ನೋಡಿತು.

ಕಾಲು ಗಂಟೆಯ ಹಿಂದಷ್ಟೇ ಈ ಹುಡುಗ ಅವಳಿಗೆ ಇಷ್ಟವಾಗಿದ್ದ. ಇಷ್ಟ ಅಂದರೆ ಅಷ್ಟಿಷ್ಟಲ್ಲ... ಮನೆಗೆ ಹೋದವಳೇ ಅಪ್ಪನಿಗೆ 'ಹೂಂ' ಅಂದುಬಿಡುವಷ್ಟು!

ಹಿರಿಯರು ನೋಡಿದ ಸಂಬಂಧ. ಕುರ್ಲಾದಲ್ಲಿ ಹೋಟೆಲು ನಡೆಸುವ ಮೋನಪ್ಪನವರ ಮಗಳು ಯಕ್ಷಿತಾ. ಮದುವೆ ವಿಡಿಯೋ ಎಡಿಟಿಂಗ್ ಅವಳ ಕೆಲಸ. ವಡಾಲದ ಹಿತೇಶ್ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದ. ಮೂರು ಕೊಟೇಶನ್ ಹೋಲಿಸದೆ ಪೊರಕೆಯನ್ನೂ ಕೊಳ್ಳದ ಪೈಕಿ. ಫೋನಲ್ಲಿ ಒಮ್ಮೆ ಮಾತಾಡಿಯಾಗಿತ್ತು. ಮೊದಲ ಭೇಟಿಗೆ ಚಹಾ-ಉಪ್ಪಿಟ್ಟು ಬೇಡ, ತನಗೆ ಹೊಸ ಲ್ಯಾಪ್‌ಟಾಪ್ ಆಗಬೇಕು, ಆರಿಸಲು ಬರಲಿ, ಮನುಷ್ಯ ಹೇಗೆಂದು ಗೊತ್ತಾಗುತ್ತದೆ ಎಂದವಳು ಅವಳೇ. ಗೊತ್ತಾಯಿತಲ್ಲ!

ಅಂಗಡಿಯವನು ತೆಳ್ಳಗಿನ ಐ-ಸೆವೆನ್ ಲ್ಯಾಪ್‌ಟಾಪ್ ಒಂದನ್ನು ಅವಳ ಮುಂದೆ ಇಟ್ಟು ಹೊಗಳುತ್ತಲೇ ಇದ್ದ. ಹಿತೇಶ್ ತಲೆಯಾಡಿಸಿರಲಿಲ್ಲ.

"ಹೆಸರು ದೊಡ್ಡದಿದ್ರೆ ಆಯ್ತಾ? ಇದು ಹಳೇ ಜನರೇಶನ್ ಪ್ರೊಸೆಸರ್. ನಿಮ್ಮದೇ ವಿಡಿಯೋ ಇದರಲ್ಲೂ ಆ ಪಕ್ಕದ್ದರಲ್ಲೂ ಓಡಿಸಿ ನೋಡುವ" ಎಂದಿದ್ದ.

ಅವಳ ಪೆನ್‌ಡ್ರೈವಿನಿಂದ ಮೂರು ನಿಮಿಷದ ಒಂದು ತುಣುಕನ್ನು ಎರಡು ಲ್ಯಾಪ್‌ಟಾಪ್‌ಗಳಿಗೂ ಹಾಕಿದರು. ಐ-ಸೆವೆನ್ ಮೊದಲು ಜೋರಾಗಿ ಓಡಿತು. ಬಿಸಿಯಾದ ಮೇಲೆ ಕುಂಟತೊಡಗಿತು... ಹನ್ನೊಂದು ನಿಮಿಷ. ಪಕ್ಕದ ದಪ್ಪನೆಯ ಹೊಸ ಐ-ಫೈವ್ ಏಳೇ ನಿಮಿಷಕ್ಕೆ ಮುಗಿಸಿ ಸುಮ್ಮನೆ ಕೂತಿತು. ಹಿತೇಶ್ ತನ್ನ ಟ್ಯಾಬಿನ ಪಟ್ಟಿಯಲ್ಲಿ ಅಂಕ ತುಂಬಿದ. 'ನನ್ನ ಕೆಲಸವನ್ನು ಇಷ್ಟು ಗಂಭೀರವಾಗಿ ತಗೊಂಡವರು ಯಾರಿದ್ದಾರೆ?' ಎಂದು ಅವಳ ಮನಸ್ಸು ಕರಗಿತ್ತು.

ಅವನು ಅಂಗಡಿಯವನ ಜೊತೆ ವಾರಂಟಿ ಮಾತಾಡಲು ಹೋದಾಗ ಅವಳು ಟ್ಯಾಬ್ ಎತ್ತಿಕೊಂಡಳು. ಬೆರಳು ಸರಿಯಿತು. ಅದೇ ಪಟ್ಟಿಯ ಎರಡನೇ ಹಾಳೆ ತೆರೆಯಿತು.

ಮೂರು ಹುಡುಗಿಯರ ಹೆಸರು. ಎತ್ತರ, ಬಣ್ಣ, ಸಂಬಳ, ಅಡುಗೆ, ಮನೆತನ... ಹೀಗೆ ಹತ್ತು ಕಾಲಮ್, ಒಂದೊಂದಕ್ಕೂ ಹತ್ತು ಅಂಕ. ಪ್ರಣೀತಾ, ಒಟ್ಟು ಎಪ್ಪತ್ತೆಂಟು. ಯಕ್ಷಿತಾ, ಒಟ್ಟು ಎಪ್ಪತ್ತೊಂದು.

ಬಣ್ಣಕ್ಕೆ ಹತ್ತರಲ್ಲಿ ಆರು!

ಹಾಲಿಗೆ ಬಿದ್ದ ಜಿರಳೆಯನ್ನು ಕಂಡರೂ ಅವಳಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಅವಳ 'ಛೀ' ಕೇಳಿ ಓಡಿಬಂದ ಹಿತೇಶನ ಮುಖ ಬಿಳುಚಿತು. "ಅದು... ಅಮ್ಮ ಹೇಳಿ ಮಾಡಿಸಿದ್ದು ಯಕ್ಷಿತಾ... ನಾನಲ್ಲ..."

"ಮುಟ್ಟಬೇಡಿ ನನ್ನನ್ನು!"

ಅವನು ಮುಟ್ಟಿರಲಿಲ್ಲ. ಕೈ ಚಾಚಿದ್ದನಷ್ಟೆ. ಆದರೂ ಅವಳು ದುಪಟ್ಟಾ ಕೊಡವಿಕೊಂಡು ಹೊರಟುಬಿಟ್ಟಳು.

ಮನೆಗೆ ಬಂದು ಮುಖ ತೊಳೆದಳು. ಮತ್ತೆ ತೊಳೆದಳು. ಕನ್ನಡಿ ನೋಡಿದರೆ ಆರು, ಕಣ್ಣು ಮುಚ್ಚಿದರೆ ಆರು. ಚಿಕ್ಕಂದಿನಿಂದ ಅತ್ತೆ, ಚಿಕ್ಕಮ್ಮಂದಿರೆಲ್ಲ "ಮೂಗು ಚಂದ ಉಂಟು, ಬಣ್ಣವೊಂದು ಸ್ವಲ್ಪ..." ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದ ಮಾತನ್ನು ಇವನು ಅಂಕದಲ್ಲಿ ಪೂರ್ತಿ ಮಾಡಿದ್ದ. 'ಎಪ್ಪತ್ತೆಂಟರವಳು ಒಲ್ಲೆ ಎಂದಿರಬೇಕು. ಅದಕ್ಕೇ ನನ್ನ ಹತ್ತಿರ ಬಂದದ್ದು. ಥೂ!'

ಅಪ್ಪನಿಗೆ ಒಂದೇ ಮಾತು ಹೇಳಿದಳು. "ಬೇಡ."

ಕೆಲಸ ನಿಲ್ಲುವಂತಿರಲಿಲ್ಲ. ಮಂಗಳವಾರ ಬೇರೆ ಅಂಗಡಿಗೆ ಹೋಗಿ ಹಟದಿಂದ ಬೇರೆ ಬೇರೆ ಲ್ಯಾಪ್‌ಟಾಪ್ ಓಡಿಸಿ ನೋಡಿದಳು. ಎಲ್ಲ ನೋಡಿಯೂ ಕೊನೆಗೆ ಅದೇ ಐ-ಫೈವನ್ನೇ ತಂದಳು. ಅವನ ಲೆಕ್ಕ ಸರಿಯಾಗಿತ್ತು!

ಅವಳನ್ನು ಸುಟ್ಟದ್ದು ಅದೇ. ಲ್ಯಾಪ್‌ಟಾಪಿನ ಅಂಕ ಸರಿಯಾದರೆ... ತನ್ನದೂ ಸರಿಯೇ ಇರಬಹುದೇ?

ಗುರುವಾರ ಹಿತೇಶನ ತಾಯಿ ನೀಲಾವತಿಯ ಫೋನು ಬಂತು. ದನಿಯಲ್ಲಿ ಬೆಂಕಿ.

"ಎಂತ ಮೋಡಿ ಮಾಡಿದ್ದೀ ನೀನು? ಪ್ರಣೀತಾನ ಮನೆಯವರು ಇವತ್ತಿಗೂ ಕಾಯ್ತಾ ಇದ್ದಾರೆ. ಇವ ಕೇಳೂದೇ ಇಲ್ಲ! ನಿನ್ನ ಹತ್ತಿರ ಫೋನಲ್ಲಿ ಮಾತಾಡಿದ ದಿವಸದಿಂದ ಯಕ್ಷಿತಾ ಬಿಟ್ಟು ಬೇರೆ ಹೆಸರಿಲ್ಲ. ಈಗ ನೀನೂ ಬೇಡ ಅಂದಿಯಂತೆ. ನನ್ನ ಮಗನಿಗೆ ಎಂತ ಕಡಿಮೆ ಹೇಳು?"

ಅಂದರೆ... ಪ್ರಣೀತಾ ಒಲ್ಲೆ ಎಂದಿರಲಿಲ್ಲ! ಅವನೇ ಒಪ್ಪಿರಲಿಲ್ಲ!

ಯಕ್ಷಿತಾಳಿಗೆ ಒಂದು ಕ್ಷಣ ಹಿತವಾಯಿತು. ಮರುಕ್ಷಣವೇ ಮತ್ತೆ ಸಿಟ್ಟು. 'ಕಡಿಮೆ ಅಂಕದವಳನ್ನು ಒಪ್ಪಿಕೊಂಡ ಅಂತ ನಾನು ಕೈ ಮುಗಿಯಬೇಕೇ? ಅದಕ್ಕಿಂತ ಅಸಹ್ಯ ಇನ್ನೊಂದಿಲ್ಲ.'

ಮಾರನೆಯ ಸಂಜೆ ಅವಳು ಕೆಲಸ ಮುಗಿಸಿ ಬಂದರೆ ಬಿಲ್ಡಿಂಗಿನ ಮೆಟ್ಟಿಲ ಬಳಿ ಹಿತೇಶ್ ನಿಂತಿದ್ದ. ಶರ್ಟು ಬೆವರಿಗೆ ಅಂಟಿತ್ತು.

"ಎಂತಕ್ಕೆ ಬಂದ್ರಿ? ನಿಮ್ಮಮ್ಮ ಎಲ್ಲ ಹೇಳಿದ್ದಾರೆ."

"ಅಮ್ಮನಿಗೆ ಗೊತ್ತಿಲ್ಲದ್ದು ಒಂದುಂಟು." ಅವನು ಕಷ್ಟಪಟ್ಟು ಉಸಿರೆಳೆದ. "ಅಂಕ ಹಾಕಿದ್ದು ಅಮ್ಮ ಅಲ್ಲ. ನಾನೇ. ಬಣ್ಣದ ಕಾಲಮ್ ಕೂಡ ನಂದೇ. ಅಂಗಡಿಯಲ್ಲಿ ನಾಚಿಕೆಯಾಗಿ ಅಮ್ಮನ ಮೇಲೆ ಹಾಕಿದೆ. ಅದು ಸುಳ್ಳು."

ಅವಳು ಇದನ್ನು ನಿರೀಕ್ಷಿಸಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿ ಇದ್ದರೂ ತಾನಾಗಿಯೇ ಬಂದು ಸಿಕ್ಕಿಬೀಳುವ ಗಂಡಸನ್ನು ಅವಳು ಹೆಚ್ಚು ಕಂಡಿರಲಿಲ್ಲ.

"ಉಳಿದಿಬ್ಬರಿಗೂ ಇವತ್ತು ಫೋನ್ ಮಾಡಿ ಹೇಳಿದೆ, ತಪ್ಪಾಯ್ತು ಅಂತ. ಪ್ರಣೀತಾ ಬೈದದ್ದು ಇನ್ನೂ ಕಿವಿಯಲ್ಲುಂಟು."

"ಒಳ್ಳೇದಾಯ್ತು!" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳ್ತೇನೆ... ನಾನು ಅದೇ ಲ್ಯಾಪ್‌ಟಾಪ್ ತಗೊಂಡೆ. ನಿಮ್ಮ ಅಂಕ ಸರಿ ಇತ್ತು. ಹಾಗಾದ್ರೆ ನಂದೂ ಸರಿಯಾ?"

"ಇಲ್ಲ ಯಕ್ಷಿತಾ!" ಅವನು ಬಹುತೇಕ ಕೂಗಿದ. "ಅಲ್ಲಿ ಓಡಿಸಿ ನೋಡಿ ಬರೆದದ್ದು. ನಿಮಗೆ ಬರೀ ಫೋಟೋ, ಬಯೋಡೇಟಾ ನೋಡಿ ಬರೆದೆ, ಏನೂ ಗೊತ್ತಿಲ್ಲದೆ. ಆಮೇಲೆ ಫೋನಲ್ಲಿ ನೀವು ಹೇಳಿದ್ರಿ... ಮದುವೆ ವಿಡಿಯೋದಲ್ಲಿ ಅಡುಗೆಯವರನ್ನೂ, ಪಾತ್ರೆ ತೊಳೆಯುವ ಹೆಂಗಸರನ್ನೂ ಕತ್ತರಿಸೂದಿಲ್ಲ, ಆ ದಿವಸ ಅವರದ್ದೂ ಹೌದಲ್ವಾ ಅಂತ. ಅವತ್ತು ನನಗೆ ನಿದ್ದೆ ಬರಲಿಲ್ಲ. ಇಂಥವರ ಮುಖಕ್ಕೆ ಅಂಕ ಹಾಕಿದೆನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆ ಬಂತು. ಅಳಿಸಿಹಾಕುವ ಧೈರ್ಯವೂ ಇರಲಿಲ್ಲ... ಅಳಿಸಿದ್ರೆ ತಪ್ಪು ಮಾಡಿಯೇ ಇಲ್ಲ ಅಂತ ಆಗ್ತದಲ್ಲ."

ಮೇಲಿನ ಮನೆಯಿಂದ ಯಾರೋ ಇಣುಕಿ ನೋಡಿ ಹೋದರು. ಯಕ್ಷಿತಾ ಕಣ್ಣೊರೆಸಿಕೊಂಡಳು. ಐದು ದಿನಗಳಿಂದ ಮುಖಕ್ಕೆ ಅಂಟಿಕೊಂಡಿದ್ದ ಆ ಅಂಕ ಈಗ ಅವನದಾಗಿತ್ತು, ಅವಳದಲ್ಲ.

"ನನಗೆ ಹೇಸಿಗೆ ಇನ್ನೂ ಹೋಗಲಿಲ್ಲ ಹಿತೇಶ್."

"ಗೊತ್ತು. ಹೋಗುವವರೆಗೆ ಕಾಯ್ತೇನೆ."

"ಎಷ್ಟು ದಿವಸ?"

ಅವನು ಬಾಯಿ ತೆರೆದ. ಅಭ್ಯಾಸಬಲದಿಂದ ಲೆಕ್ಕ ಹಾಕಲು ಹೊರಟವನು ತಡವರಿಸಿ ಬಾಯಿ ಮುಚ್ಚಿದ.

"...ಗೊತ್ತಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

"ಮೇಲೆ ಬನ್ನಿ" ಎಂದಳು. "ಮೊದಲು ಅಪ್ಪನ ಎದುರಿಗೆ ಇಷ್ಟನ್ನೂ ಹೇಳ್ಬೇಕು. ಬಣ್ಣದ್ದೂ ಸೇರಿಸಿ."

"ಹೊಡೆದ್ರೆ?"

"ಹೊಡೀಲಿ. ನಾನು ಪಕ್ಕದಲ್ಲೇ ಇರ್ತೇನಲ್ಲ."