ಹಿಂದಕ್ಕೆ ಸರಿದ ರಾಜ

ಊಟದ ಡಬ್ಬಿ ಹಿಡಿದು ಬಂದ ಮಗಳು ಬೈಂಡಿಂಗ್ ಅಂಗಡಿಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪುಸ್ತಕದ ಬೆನ್ನು ಬಡಿಯುವ ಸುತ್ತಿಗೆಯಿಂದಲೇ ಯಾರೋ ಅಪ್ಪನ ತಲೆ ಒಡೆದಿದ್ದರು — ಒಂದೇಟಲ್ಲ, ಸಿಟ್ಟು ತೀರುವವರೆಗೆ. ಅಂಟಿನ ಬಟ್ಟಲು, ಹೊಲಿದಿಟ್ಟ ಹಾಳೆಗಳು, ಮೇಜಿನ ಮೇಲಿನ ಚದುರಂಗದ ಮಣೆ, ಎಲ್ಲದರ ಮೇಲೂ ರಕ್ತ. ಹೆಣವನ್ನು ತೊಡೆಯ ಮೇಲೆಳೆದುಕೊಂಡು ಕೂತಿದ್ದವನು ಅವಳ ಗಂಡ.

ಬೀದಿಗೆ ಅಷ್ಟು ಸಾಕಾಯಿತು. ಕೈ ನಡುಗುವ ವಯಸ್ಸಲ್ಲಿ ಅಂಗಡಿ ಯಾಕೆ, ಬಾಗಿಲು ಹಾಕಿ ಮನೆಗೆ ಬನ್ನಿ ಎಂದು ಅಳಿಯ ಹಿಂದಿನ ದಿನವೇ ಕೂಗಾಡಿದ್ದ. ಈಗ ಪೊಲೀಸರು ಬಂದದ್ದೇ ಅವನ ಕೈಗೆ ಬೇಡಿ ಬಿತ್ತು. ಅವನನ್ನು ಕರೆದೊಯ್ದರೆ ತನಗೆ ಅಪ್ಪನೂ ಇಲ್ಲ, ಗಂಡನೂ ಇಲ್ಲ ಎಂದು ಅವಳು ಅವನ ತೋಳು ಹಿಡಿದುಕೊಂಡಳು.

ಎದುರಂಗಡಿಯ ಟೈಲರ್ ಮಾಮ ಮೂಗೊರೆಸಿಕೊಳ್ಳುತ್ತ ನಿಂತಿದ್ದ. ಅಪ್ಪನ ಜೊತೆ ದಿನಾ ಆಡುತ್ತಿದ್ದವನು ಅವನೇ. ಆಟ ಅರ್ಧಕ್ಕೆ ಬಿಟ್ಟು ಗಿರಾಕಿ ನೋಡಲು ಹೋಗಿದ್ದನಂತೆ. ಆಮೇಲೆ ಅಳಿಯ ಒಳಗೆ ಹೋದದ್ದನ್ನು ಕಂಡನಂತೆ.

ಇನ್‌ಸ್ಪೆಕ್ಟರಮ್ಮ ಮಣೆಯ ಮೇಲೆ ಬಗ್ಗಿದಳು.

"ಅರ್ಧಕ್ಕೆ ಅಂದ್ರೆ — ಹೀಗೇ ಇತ್ತಾ?"

"ಹೀಗೇ ಮೇಡಂ. ನಾನು ಗೆದ್ದ ಆಟ ಅದು."

ಗೆದ್ದದ್ದು ಹೇಗೆ ಎಂದದ್ದೇ ತಡ, ಟೈಲರಿನ ದುಃಖ ಎಲ್ಲಿ ಹೋಯಿತೋ! ಮೊದಲೇ ಒಂಟೆ ಬಲಿ ಕೊಡುವುದು, ಹಿಂದೆಯೇ ಕುದುರೆ. ರಾಜ ಬಯಲಿಗೆ ಬಿದ್ದ ಮೇಲೆ ಮಂತ್ರಿಯಿಂದ ಚೆಕ್. ಗ್ಯಾಂಬಿಟ್ ಎನ್ನುತ್ತಾರೆ ಇದಕ್ಕೆ. ಬೀದಿಯವರು ಮಾತ್ರ 'ಟೈಲರ್ ದಾನಕ್ಕೆ ಕೂತ' ಎಂದು ಕಿಚಾಯಿಸುತ್ತಿದ್ದರು. ಹೆದರಿದ ರಾಜ ಹಿಂದಕ್ಕೆ ಓಡಿದರೆ ಸತ್ತ.

"ಓಡದೆ ಮುಂದಕ್ಕೆ ಬಂದ್ರೆ?"

"ಅಷ್ಟು ಧೈರ್ಯ ಅವನಿಗೆಲ್ಲಿತ್ತು?"

ಅದು ನಿಜ. ಅಪ್ಪ ಪ್ರತಿ ಸಲ ಓಡಿ ಸೋಲುತ್ತಿದ್ದ. ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತ, "ಇವತ್ತು ಓಡಲ್ಲ ಕಣೇ" ಎಂದು ನಕ್ಕಿದ್ದ. ಮಗಳು ಅದನ್ನು ಹೇಳಿದಳು; ತನ್ನ ಗಂಡನಿಗೆ ಚದುರಂಗವೇ ಬಾರದು ಎಂದೂ ಹೇಳಿದಳು. ಟೈಲರ್ ಅವಳ ಕಡೆ ನೋಡಲಿಲ್ಲ.

ಇನ್‌ಸ್ಪೆಕ್ಟರಮ್ಮ ಬಟ್ಟೆ ಸುತ್ತಿದ ಬೆರಳಿನಿಂದ ಅಪ್ಪನ ಕಪ್ಪು ರಾಜನನ್ನು ಎತ್ತಿದಳು. ಅವನ ಬುಡಕ್ಕೆ ರಕ್ತ. ಅವನು ನಿಂತ ಮನೆಯಲ್ಲೂ ರಕ್ತ. ಮಣೆಯ ನಡುವಿನ ಖಾಲಿ ಮನೆಯೊಂದರಲ್ಲಿ ಮಾತ್ರ ರಾಜನ ಬುಡದಷ್ಟೇ ಅಗಲದ ರಕ್ತ ತಾಗದ ಗುಂಡನೆಯ ಬಿಳುಪು. ಸುತ್ತ ರಕ್ತ ಸಿಡಿದಿತ್ತು.

"ಏಟು ಬಿದ್ದಾಗ ರಾಜ ಇಲ್ಲಿದ್ದ, ಮುಂದೆ. ಆಮೇಲೆ ಯಾರೋ ಅವನನ್ನ ಹಿಂದಕ್ಕೆ ಇಟ್ಟಿದ್ದಾರೆ. ಈ ಅಳಿಯನಿಗೆ ಕುದುರೆ ಹೇಗೆ ನಡೆಯುತ್ತೆ ಅಂತಲೂ ಗೊತ್ತಿಲ್ಲ. ಹೆಣದ ಪಕ್ಕ ನಿಂತು ಸುತ್ತಿಗೆ ಒರೆಸದೆ ಸೋಲು ಒರೆಸಿದವರು ಯಾರು?"

ಅವಳು ರಾಜನನ್ನು ಆ ಬಿಳುಪಿನ ಮೇಲೆ ಹಿಡಿದಳು.

"ಇಲ್ಲಿದ್ದಾಗ ನಿಮ್ಮ ಮುಂದಿನ ನಡೆ ಏನಿತ್ತು, ಟೈಲರ್?"

ಟೈಲರ್ ಮಣೆ ನೋಡಿದ. ಕೈ ಮಂತ್ರಿಯವರೆಗೂ ಹೋಗಿ ಹಿಂದಕ್ಕೆ ಬಂತು. ಅವನ ಹತ್ತಿರ ನಡೆ ಇರಲಿಲ್ಲ.

"ಅವನು ನಗಬಾರದಿತ್ತು," ಎಂದ. "ಇಷ್ಟು ವರ್ಷ ನನ್ನದು ಬರೀ ಬುರುಡೆ ಆಟ ಅಂತ ನಕ್ಕುಬಿಟ್ಟ."

ಬೇಡಿ ಕೈ ಬದಲಾಯಿಸಿತು. ಗಂಡನ ರಕ್ತದ ಅಂಗಿಗೆ ಮುಖ ಒತ್ತಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಪ್ಪ ಓಡಲಿಲ್ಲ ಕಣ್ರೀ," ಎಂದಳು.