ಬಂಡೆಯ ಮೇಲೆ ನಿಂತ ಗಾಡಿ

ಹೆಣ ಕೆಳಗಿತ್ತು. ಗಾಡಿ ಮೇಲಿತ್ತು.

ಕೆಲಸ ನಿಂತು ವರ್ಷಗಳಾದ ಕಲ್ಲಿನ ಕ್ವಾರಿ. ಅದರ ತಳದಲ್ಲಿ ಒಬ್ಬ ಮನುಷ್ಯ ಮಗ್ಗುಲಾಗಿ ಬಿದ್ದಿದ್ದ. ಅವನ ಪಕ್ಕದಿಂದಲೇ ಮೇಲೇಳುವ ಮೂರಾಳೆತ್ತರದ ಇಳಿಜಾರು ಬಂಡೆ. ಅದರ ನಟ್ಟನಡುವೆ ಮೊಳದುದ್ದದ ಟ್ರಕ್ಕೊಂದು ಆಕಾಶಕ್ಕೆ ಮೂತಿ ಎತ್ತಿ ನಿಂತಿತ್ತು. ದಪ್ಪ ರಬ್ಬರಿನ ನಾಲ್ಕು ಚಕ್ರ. ಉರಿಯುತ್ತಿದ್ದ ಎರಡು ಪುಟ್ಟ ದೀಪ. ಒಳಗೆಲ್ಲೋ ಜೇನುಹುಳ ಸಿಕ್ಕಿಕೊಂಡಂತೆ ಗುಂಯ್ ಎನ್ನುವ ಸದ್ದು.

ಬೆಳಗಿನ ಏಳೂವರೆ. ಸುತ್ತ ಬೇರೆ ಸದ್ದೇ ಇರಲಿಲ್ಲ.

"ಮೇಡಂ," ಎಂದ ಪೇದೆ, ಬಂಡೆಯ ಬದಿಗೆ ಹತ್ತಿ ಗಾಡಿಯೊಳಗೆ ಇಣುಕುತ್ತ. "ಒಳಗೆ ಕೂತಿರೋದು ನಗ್ತಾ ಇದೆ."

ಟ್ರಕ್ಕಿನ ಚಾಲಕನ ಸೀಟಿನಲ್ಲಿ ಹೆಬ್ಬೆಟ್ಟಿನ ಗಾತ್ರದ ಬೊಂಬೆ. ತುಟಿ ಬಿಚ್ಚಿದ ಅದರ ಬಾಯಲ್ಲಿ ಸಾಲು ಹಲ್ಲು, ಒಂದೊಂದೂ ಎಣಿಸುವಂತಿತ್ತು.

ಇನ್ಸ್‌ಪೆಕ್ಟರ್ ಆಗಲೇ ಹೆಣದ ಕಡೆ ನಡೆದಿದ್ದಳು. ಆಕೆ ಮಾತಾಡುವುದೇ ಕಡಿಮೆ. ಠಾಣೆಯವರು ಬೆನ್ನ ಹಿಂದೆ 'ಕಿವಿ ಮೇಡಂ' ಎನ್ನುತ್ತಿದ್ದರು. ಹೆಣದ ಮುಂದೆ ಮೊಣಕಾಲೂರಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಯಾರ ಹೆಣವಾದರೂ ಹಾಗೆ ಮಾಡುತ್ತಿದ್ದಳು. ಆಮೇಲೆ ಕಣ್ಣು ತೆರೆದು ಕೆಲಸ ಶುರು ಮಾಡಿದಳು.

ಸತ್ತವನನ್ನು ಎಲ್ಲರೂ ಬಲ್ಲರು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ತಯಾರಿಸಿಕೊಡುತ್ತಿದ್ದ ಕುಶಲಕರ್ಮಿ. ಜನ 'ಹಲ್ಲಿನವರು' ಎಂದೇ ಕರೆಯುತ್ತಿದ್ದರು. ಬಿಡುವಿನ ವೇಳೆಯಲ್ಲಿ ಬಂಡೆ ಹತ್ತುವ ರಿಮೋಟ್ ಟ್ರಕ್ಕು ಕಟ್ಟುವ ಹುಚ್ಚು. ತಲೆಯ ಹಿಂಭಾಗ ಒಡೆದಿತ್ತು. ಅಂಗಿ, ಕೂದಲು, ರೆಪ್ಪೆ, ಎಲ್ಲದರ ಮೇಲೂ ಇಬ್ಬನಿ ಕೂತಿತ್ತು. ಬಲಗೈಯ ಪಕ್ಕದಲ್ಲಿ ರಿಮೋಟು.

"ಗಾಡಿ ಹಿಂದೆ ಹತ್ತೋಕೆ ಹೋಗಿ ಜಾರಿದಾರೆ," ಎಂದ ಪೇದೆ. "ಇಷ್ಟೇ ಅಲ್ವಾ ಮೇಡಂ?"

ಆಕೆ ರಿಮೋಟನ್ನು ಎರಡು ಬೆರಳಲ್ಲಿ ಎತ್ತಿದಳು. ಅದು ಒಣಗಿತ್ತು. ಅದರ ಕೆಳಗಿನ ಕಲ್ಲನ್ನು ಮುಟ್ಟಿ ನೋಡಿದಳು. ಬೆರಳು ಒದ್ದೆಯಾಯಿತು.

"ರಿಮೋಟು ರಾತ್ರಿಯಿಡೀ ಇಲ್ಲೇ ಇದ್ದಿದ್ದರೆ ಅದರ ಮೇಲೆ ಇಬ್ಬನಿ ಇರಬೇಕು, ಕೆಳಗೆ ಒಣಗಿರಬೇಕು. ಇಲ್ಲಿ ಉಲ್ಟಾ."

ಬಂಡೆಯ ಮೇಲಿನ ದೀಪಗಳು ಅವರಿಬ್ಬರಿಗೆ ಬೆನ್ನು ಹಾಕಿ ಆಕಾಶ ನೋಡುತ್ತಿದ್ದವು.

*

ಹೆಣವನ್ನು ಮೊದಲು ಕಂಡವನು ಕ್ವಾರಿಯ ಕಾವಲುಗಾರ. ಹಲ್ಲಿನವರಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಒಳಗೆ ಬರಬೇಡಿ ಎಂದು ಇವನು, ಬಂದೇ ಬರುತ್ತೇನೆ ಎಂದು ಅವರು. ವಾರದ ಹಿಂದೆ ದೊಣ್ಣೆ ಎತ್ತಿದ್ದನಂತೆ. ಈಗ ಆ ದೊಣ್ಣೆ ಎರಡು ತುಂಡಾಗಿ ಅವನ ಕೋಣೆಯ ಮೂಲೆಯಲ್ಲಿತ್ತು.

ಪೇದೆಯ ಕಣ್ಣು ಹೊಳೆಯಿತು. "ಇದು ಹೇಗೆ ಮುರೀತು?"

"ಹಾವು ಹೊಡೆಯೋಕೆ ಹೋಗಿ ಕಲ್ಲಿಗೆ ಬಿತ್ತು ಸ್ವಾಮಿ. ಹಾವೂ ಹೋಯ್ತು, ದೊಣ್ಣೆಯೂ ಹೋಯ್ತು."

"ನಿನ್ನೆ ಸಂಜೆ ಎಲ್ಲಿದ್ದೆ?"

"ಮಗಳ ಮನೇಲಿ. ಬೆಳಗಿನ ಜಾವ ಬಂದೆ." ಕಾವಲುಗಾರ ಇನ್ಸ್‌ಪೆಕ್ಟರ್ ಕಡೆ ತಿರುಗಿದ. "ಅಮ್ಮಾ, ನಿಮಗೆ ಹೇಳ್ತೀನಿ, ಇವರು ನಗ್ತಾರೆ. ಕತ್ತಲು ಬಿಡ್ತಾ ಇತ್ತು. ಬಂಡೆ ಮೇಲೆ ಎರಡು ದೀಪ ಹತ್ತುತಾ ಇದ್ವು. ಮೆಲ್ಲಗೆ, ಕಲ್ಲು ಮೂಸಿಕೊಂಡು ಹೋಗೋ ಥರ. ಹಿಂದೆ ಯಾರೂ ಕಾಣಲಿಲ್ಲ. ಹಲ್ಲಿನವರೇ ಬಂದಿದಾರೆ, ಬಯ್ಯೋಣ ಅಂತ ಬೆಳಕಾದ ಮೇಲೆ ಹೋದೆ. ನೋಡಿದ್ರೆ ಅವರು ತಣ್ಣಗಾಗಿ ಮಲಗಿದಾರೆ. ಸತ್ತೋರ ಗಾಡಿ ಹತ್ತಿತಲ್ಲಮ್ಮಾ."

"ಅದು ಅವರ ಗಾಡಿಯೇ ಅಂತ ಗೊತ್ತಾಯ್ತಾ?"

ಕಾವಲುಗಾರ ತಡವರಿಸಿದ. "ನೋಡೋಕೆ ಅದೇ. ಸದ್ದು ಬೇರೆ. ಬರೀ ಗುಂಯ್ ಅಂತಿತ್ತು. ಅದಕ್ಕೇ ಮೈ ಜುಮ್ ಅಂತು."

ಆಕೆ ರಿಮೋಟನ್ನು ಅವನ ಕೈಗಿತ್ತು ಗಾಡಿ ಶುರು ಮಾಡು ಎಂದಳು. ಅವನು ಅದನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿದುಕೊಂಡ. ತಲೆಕೆಳಗು ಮಾಡಿದ, ಅಲ್ಲಾಡಿಸಿದ. ಕೊನೆಗೆ ಕಿವಿಗೆ ಹಿಡಿದು ನೋಡಿದ.

ಪೇದೆಗೂ ನಗು ತಡೆಯಲಾಗಲಿಲ್ಲ. "ಇವನಲ್ಲ ಬಿಡಿ ಮೇಡಂ."

*

ಗಾಡಿಯ ವಿಷಯ ತಿಳಿದವರು ಬೇಕಿತ್ತು. ಅಂಥವನು ಒಬ್ಬನೇ. ಇಂಥ ಪುಟ್ಟ ಗಾಡಿಗಳ ಬಿಡಿಭಾಗ ಮಾರುವ ಮಾಡೆಲ್ ಅಂಗಡಿಯವನು. ಸತ್ತವರ ಹನ್ನೆರಡು ವರ್ಷದ ಗೆಳೆಯ. ಹೇಳಿ ಕಳಿಸಿದ ಹತ್ತೇ ನಿಮಿಷಕ್ಕೆ ಠಾಣೆಗೆ ಬಂದ. ಗಾಡಿಯನ್ನು ಎರಡೂ ಕೈಯಲ್ಲಿ, ಕೂಸನ್ನು ಎತ್ತುವ ಹಾಗೆ ಎತ್ತಿ ಮೇಜಿನ ಮೇಲಿಟ್ಟ.

"ಇದಕ್ಕೆ ಎರಡು ವರ್ಷ ಹಿಡೀತು ಅವರಿಗೆ. ಚಕ್ರದ ಒಳಗೆ ಹಿತ್ತಾಳೆ ತೂಕ ಕೂರಿಸಿದಾರೆ, ಬಂಡೆ ಮೇಲೆ ಮಗುಚಬಾರದು ಅಂತ. ಮೈಕಟ್ಟು ಹಲ್ಲಿನ ಸೆಟ್ಟು ಮಾಡೋ ಸಾಮಾನಲ್ಲೇ ಮಾಡಿದ್ದು."

"ಬಂಡೆ ಮೇಲೆ ಹೇಗೆ ನಿಂತಿತ್ತು? ಜಾರಬೇಕಿತ್ತಲ್ಲ."

"ಬೆರಳು ತೆಗೆದ ಕೂಡಲೇ ಮೋಟಾರೇ ಬ್ರೇಕ್ ಆಗುತ್ತೆ ಮೇಡಂ. ಬ್ಯಾಟರಿಯಲ್ಲಿ ಜೀವ ಇರೋವರೆಗೆ ಹಿಡ್ಕೊಂಡಿರುತ್ತೆ."

"ಎಷ್ಟು ಹೊತ್ತು?"

ಅವನು ಗಾಡಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ರಾತ್ರಿ ಬೆಳತನಕ ಬೇಕಾದ್ರೂ."

"ಇದು ನಿಮ್ಮ ಅಂಗಡಿಗೆ ಬಂದಿತ್ತಾ?"

"ಮೂರು ತಿಂಗಳಾಯ್ತು ಮೇಡಂ, ನಾನು ಇದನ್ನ ನೋಡಿ."

ವೈದ್ಯರ ಮಾತು ಮಧ್ಯಾಹ್ನ ಬಂತು. ಸಾವು ನಿನ್ನೆ ಸಂಜೆ ಆರರಿಂದ ಏಳರ ಒಳಗೆ.

*

ಠಾಣೆಯ ಹಿಂದಿನ ಕೋಣೆ. ಒಂದು ಹಲಗೆಯನ್ನು ಬಂಡೆಯಷ್ಟೇ ಓರೆಯಾಗಿ ನಿಲ್ಲಿಸಿ, ಬ್ಯಾಟರಿ ಪೂರ್ತಿ ತುಂಬಿಸಿ, ಗಾಡಿಯನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸಿದರು. ದೀಪ ಹಚ್ಚಿದರು. ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ.

ಯಾರೂ ಆ ಕೋಣೆಯಲ್ಲಿ ಕೂರಲಿಲ್ಲ. ಕಡತ ಬೇಕಾದವರು ಬಾಗಿಲಲ್ಲೇ ನಿಂತು ಕೈ ಚಾಚಿದರು. ಬೊಂಬೆ ಎಲ್ಲರಿಗೂ ಒಂದೇ ನಗೆ ನಕ್ಕಿತು.

ಇನ್ಸ್‌ಪೆಕ್ಟರ್ ಮಾತ್ರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಒಂದು ಗಂಟೆ, ಎರಡು, ಮೂರು. ಗುಂಯ್ ಎನ್ನುವ ಸದ್ದು ಮೆಲ್ಲಗೆ ತೆಳ್ಳಗಾಯಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ದೀಪಗಳು ಹಳದಿಯಾದವು, ಆಮೇಲೆ ಕೆಂಪಾದವು. ಯಾರೂ ಮುಟ್ಟಲಿಲ್ಲ. ಗಾಡಿ ಒಮ್ಮೆ ನಡುಗಿ, ಹಿಂದಹಿಂದಕ್ಕೆ ಇಳಿಯತೊಡಗಿತು. ಇಳಿದು ಬಂದು ಆಕೆಯ ಬೂಟಿಗೆ ತಗುಲಿ ನಿಂತಿತು.

ಬಾಗಿಲಲ್ಲಿದ್ದ ಪೇದೆ ಗೋಡೆಗೆ ಅಂಟಿಕೊಂಡಿದ್ದ.

"ಮೂರು ಗಂಟೆ ನಲವತ್ತು ನಿಮಿಷ," ಎಂದಳು ಆಕೆ. "ಏಳೂವರೆಗೆ ನಾವು ನೋಡಿದಾಗ ದೀಪ ಬೆಳ್ಳಗಿತ್ತು. ಅಂದ್ರೆ ಗಾಡಿ ಹತ್ತಿದ್ದು ನಸುಕಲ್ಲೇ. ಕಾವಲುಗಾರ ಕಂಡಿದ್ದು ನಿಜ. ಸತ್ತೋರು ಹತ್ತು ಗಂಟೆ ಮೊದಲೇ ಹೋಗಿದ್ರು."

"ಹಾಗಾದ್ರೆ ಅಂಗಡಿಯವನು ರಾತ್ರಿಯೆಲ್ಲ ಅಂದಿದ್ದು? ಗೊತ್ತಿಲ್ದೇ ಹೇಳಿರಬಹುದು."

"ಹನ್ನೆರಡು ವರ್ಷದಿಂದ ಅದನ್ನೇ ಮಾರ್ತಾ ಇರೋನು."

ಅನುಮಾನವಿತ್ತು. ಆದರೆ ತಪ್ಪು ಲೆಕ್ಕ ಹೇಳಿದ್ದಕ್ಕೆ ಯಾರನ್ನೂ ಕೊಲೆಗಾರನೆನ್ನಲಾಗದು.

*

ಸತ್ತವರ ಮನೆ ಎರಡನೆಯ ಮಹಡಿಯಲ್ಲಿತ್ತು. ಅವರ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದರು. ಅವರ ಕಣ್ಣು ಮಂಜಾಗಿ ಆರು ವರ್ಷ. ಬೆಳಕು, ನೆರಳು, ಅಷ್ಟೇ ತಿಳಿಯುತ್ತಿತ್ತು. ಹೆಜ್ಜೆಯ ಸದ್ದಿಗೇ ಮುಖ ತಿರುಗಿಸಿದರು.

"ಇಬ್ಬರು ಬಂದಿದೀರಿ. ಒಬ್ಬರು ಮುಂದೆ ಬಂದಿರಿ, ಇನ್ನೊಬ್ಬರು ಹೊಸಿಲಲ್ಲೇ ಯಾಕೆ ನಿಂತಿರಿ?"

ಪೇದೆ ಒಳಗೆ ಬಂದ.

"ರಾತ್ರಿ ಬರದಿದ್ದಾಗ ನಿಮಗೆ ಗಾಬರಿ ಆಗಲಿಲ್ವಾ ಅಮ್ಮಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

"ಕೆಲಸ ಜಾಸ್ತಿ ಇದ್ರೆ ಪೇಟೆಯ ಕೆಲಸದ ಕೋಣೇಲೇ ಮಲಗ್ತಿದ್ರು. ಗಾಡಿಯೂ ಅಲ್ಲೇ ಇರ್ತಿತ್ತು." ಸೆರಗನ್ನು ಬೆರಳಿಗೆ ಸುತ್ತಿಕೊಂಡು ಹೇಳಿದರು: "ನೀವು ಕೇಳೋದು ಆಮೇಲೆ ಕೇಳಿ. ನನ್ನದೊಂದೇ ಪ್ರಶ್ನೆ. ನನ್ನ ಬಿಟ್ಟು ಗಾಡಿ ಓಡಿಸಲ್ಲ ಅಂತ ಮಾತು ಕೊಟ್ಟಿದ್ರು ನನಗೆ. ಆರು ವರ್ಷ ಕೈ ಹಿಡ್ಕೊಂಡು ಹೋಗಿ ಬಂಡೆ ಕೆಳಗೆ ಕೂರಿಸ್ತಿದ್ರು. ನಿನ್ನೆ ಒಬ್ಬರೇ ಓಡಿಸೋಕೆ ಹೋದರಾ? ನಾನು ಭಾರ ಅನ್ನಿಸ್ತಾ?"

ಇನ್ಸ್‌ಪೆಕ್ಟರ್ ಅವರ ಮುಂದೆ ಮೊಣಕಾಲೂರಿದಳು. ಮತ್ತೆ ಬ್ಯಾಟರಿ ತುಂಬಿಸಿ ತಂದಿದ್ದ ಗಾಡಿಯನ್ನು ಅವರ ಮಡಿಲಲ್ಲಿಟ್ಟಳು. ಅವರ ಬೆರಳು ಚಕ್ರ, ಕಿಟಕಿ, ಬೊಂಬೆ ಎಲ್ಲವನ್ನೂ ಸವರಿತು.

"ಹಲ್ಲು ಕಾಣೋ ಹಾಗೆ ನಗಿಸಿದೀನಿ ಅಂತಿದ್ರು. ಒಮ್ಮೆ ಓಡಿಸಿ, ಕೇಳ್ತೀನಿ."

ಗಾಡಿಯನ್ನು ನೆಲಕ್ಕಿಳಿಸಿ ಆಕೆ ರಿಮೋಟಿನ ಕೊಕ್ಕೆ ಒತ್ತಿದಳು. ಅದು ಬೆಣ್ಣೆಯ ಮೇಲೆ ಚಾಕು ಹೋದಂತೆ ನುಣ್ಣಗೆ ಹೋಯಿತು. ಹೆಂಗಸಿನ ಕೈ ಗಾಳಿಯಲ್ಲೇ ನಿಂತಿತು.

"ಇದು ನಮ್ಮ ಗಾಡಿಯಲ್ಲ."

"ನೀವೇ ಮುಟ್ಟಿ ನೋಡಿದಿರಲ್ಲ."

"ಮೈ ನಮ್ಮದೇ. ಒಳಗಿರೋದು ಬೇರೆ ಯಾರೋ." ಅವರ ದನಿ ತಗ್ಗಿತು. "ಟಿಕ್ ಇಲ್ಲ."

ಇನ್ಸ್‌ಪೆಕ್ಟರ್‌ಗೆ ಎಳವೆಯ ನೆನಪೊಂದು ಬಂತು. ಮುಂಜಾನೆ ಅಜ್ಜಿ ಪದ್ಯ ಓದುತ್ತಿದ್ದರೆ ಮಲಗಿದ್ದಲ್ಲೇ ಕೇಳುತ್ತಿದ್ದಳು. ಅರ್ಥ ಗೊತ್ತಿರಲಿಲ್ಲ. ಆದರೆ ಒಂದು ಮಾತ್ರೆ ತಪ್ಪಿದರೆ ನಿದ್ದೆ ಹಾರಿಹೋಗುತ್ತಿತ್ತು.

"ಏನು ಟಿಕ್ ಅಮ್ಮಾ?"

"ಒಂದು ಗೇರಿಗೆ ಒಂದು ಹಲ್ಲಿಲ್ಲ. ಅರ ಹಾಕಿ ಒಂದೇ ಒಂದು ಹಲ್ಲು ಅವರೇ ಉಜ್ಜಿ ತೆಗೆದಿದ್ರು. ಪ್ರತಿ ಸುತ್ತಿಗೆ ಒಂದು ಟಿಕ್. ಬಂಡೆ ಮೇಲೆ ಗಾಡಿ ಎಲ್ಲಿದೆ, ಏದುಸಿರು ಬಿಡ್ತಿದೆಯಾ, ಸಲೀಸಾಗಿದೆಯಾ, ನನಗೆ ಕೂತಲ್ಲೇ ಗೊತ್ತಾಗ್ತಿತ್ತು. ಊರಿಗೆಲ್ಲ ಹಲ್ಲು ಕಟ್ಟಿ ಕೊಡೋರು, ನನಗೋಸ್ಕರ ಒಂದು ಕಿತ್ತರು ಅಂತ ನಾನು ರೇಗಿಸ್ತಿದ್ದೆ."

"ಇದು ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೇ. ಬೇರೆಯವರಿಗೆ ಹೇಳೋಕೆ ಅವರಿಗೆ ನಾಚಿಕೆ. ಸವೆದಿದೆ ಅಂತ ಸುಳ್ಳು ಹೇಳ್ತಿದ್ರು."

"ಕೊನೆಗೆ ಯಾವಾಗ ಕೇಳಿದಿರಿ?"

"ಹೋದ ಭಾನುವಾರ."

*

ಮಾಡೆಲ್ ಅಂಗಡಿಯ ಗೋಡೆ ತುಂಬ ಚಕ್ರಗಳು ತೂಗುತ್ತಿದ್ದವು. ಕೆಲಸದ ಮೇಜಿನ ಮೇಲೆ ಸಣ್ಣ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಮೇಜಿನ ಮೇಲೆ ಒಂದು ಎಳೆ ದಾರವೂ ಇರಲಿಲ್ಲ.

"ಗೇರಿನ ಪೆಟ್ಟಿಗೆ ಬಿಚ್ಚಿ," ಎಂದಳು ಇನ್ಸ್‌ಪೆಕ್ಟರ್.

ಅವನು ನಾಲ್ಕು ಸ್ಕ್ರೂ ತೆಗೆದ. ಹೊಳೆಯುವ ಗೇರು ಕಂಡಿತು. ಅದರ ಹಲ್ಲುಗಳ ನಡುವೆ ಹೊಸ ಗ್ರೀಸು.

"ಹೊಸದು."

"ಅವರೇ ಬದಲಾಯಿಸಿರಬೇಕು ಮೇಡಂ."

"ಹಳೇ ಗೇರುಗಳನ್ನ ನೀವು ಏನು ಮಾಡ್ತೀರಿ?"

ಅವನು ಉತ್ತರ ಕೊಡುವ ಮೊದಲೇ ಅವನ ಕಣ್ಣು ಮೇಜಿನ ಕೆಳಗೆ ಹೋಗಿ ಬಂತು. ಪೇದೆ ಬಗ್ಗಿ ಒಂದು ತಗಡಿನ ಡಬ್ಬಿ ಎಳೆದ. ಬಿಳಿ ಕಾಗದದ ಮೇಲೆ ಸುರಿದ. ಸವೆದ ಗೇರು, ಮುರಿದ ಕೀಲು, ಬಾಗಿದ ಸರಳು. ಎಲ್ಲಕ್ಕಿಂತ ಮೇಲಿದ್ದುದನ್ನು ಆಕೆ ಎತ್ತಿ ಬೆಳಕಿಗೆ ಹಿಡಿದಳು. ಒಂದು ಹಲ್ಲು ಇರಲಿಲ್ಲ. ಮುರಿದಿರಲಿಲ್ಲ, ಅರದಿಂದ ನಯವಾಗಿ ಉಜ್ಜಿ ತೆಗೆದಿತ್ತು.

"ಗಾಡಿ ನೋಡಿ ಮೂರು ತಿಂಗಳಾಯ್ತು ಅಂದ್ರಿ. ಈ ಗೇರು ಹೋದ ಭಾನುವಾರ ಆ ಗಾಡಿಯಲ್ಲಿತ್ತು. ಅವರ ಹೆಂಡತಿ ಕೇಳಿದಾರೆ. ಇವತ್ತು ನಸುಕಲ್ಲಿ ಅದು ಇರಲಿಲ್ಲ. ಕಾವಲುಗಾರನ ಕಿವಿಗೂ ಸದ್ದು ಬೇರೆ ಅನ್ನಿಸಿತು. ನಡುವಿನ ಆರು ದಿನದಲ್ಲಿ ಗಾಡಿ ಈ ಮೇಜಿನ ಮೇಲಿತ್ತು."

ಅಂಗಡಿಯವನು ಸ್ಕ್ರೂಡ್ರೈವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿದ.

"ನಿನ್ನೆ ಸಂಜೆ ಕ್ವಾರಿ ಮೇಲೆ ಇಬ್ಬರೂ ಹೋಗಿದ್ರಿ, ಗಾಡಿಯಿಲ್ಲದೆ. ಅವರು ಬಿದ್ದರು. ಗಾಡಿ ಇಲ್ಲಿ ಬಿಚ್ಚಿ ಹರಡಿತ್ತು. ಗಾಡಿಯಿಲ್ಲದ ಮನುಷ್ಯ ಬಂಡೆ ಮೇಲೆ ಯಾಕಿದ್ದ ಅಂತ ಯಾರಾದ್ರೂ ಕೇಳ್ತಾರೆ. ಅದಕ್ಕೇ ಕೂತು ಜೋಡಿಸಿದ್ರಿ, ನಸುಕಲ್ಲಿ ಹತ್ತಿಸಿದ್ರಿ, ರಿಮೋಟು ಕೈ ಪಕ್ಕ ಇಟ್ರಿ. ಒದ್ದೆ ಕಲ್ಲಿನ ಮೇಲೆ. ಆಮೇಲೆ ಬ್ಯಾಟರಿಗೆ ರಾತ್ರಿಯಿಡೀ ಆಯಸ್ಸು ಕೊಟ್ರಿ."

"ಸ್ಟೇರಿಂಗ್ ಮೋಟಾರ್ ಬದಲಾಯಿಸೋಕೆ ಕೊಟ್ಟಿದ್ರು," ಎಂದ ಅವನು ಕೊನೆಗೆ. ದನಿ ಬಾವಿಯ ತಳದಿಂದ ಬಂದಂತಿತ್ತು. "ಬೇರೆ ಏನೂ ಮುಟ್ಟಬೇಡ ಅಂದಿದ್ರು."

"ಜಗಳ ಯಾತಕ್ಕೆ?"

"ಮುಂದಿನ ಚಕ್ರದ ಕೀಲು ಅವರು ಯೋಚಿಸಿ ಮಾಡಿದ್ದು. ಗಾಡಿ ಕಟ್ಟೋರ ಸಂಘದ ಸ್ಪರ್ಧೆಗೆ ನನ್ನದು ಅಂತ ಕಳಿಸಿದ್ದೆ. ಬಹುಮಾನ ಬಂತು. ನಿನ್ನೆ ಸಂಜೆ ಮಾತಾಡಬೇಕು ಅಂತ ಕ್ವಾರಿಗೆ ಕರೆದು ಹೇಳಿದ್ರು, ಸಂಘದವರ ಮುಂದೆ ನೀನೇ ಒಪ್ಪಿಕೋ, ಇಲ್ಲಾಂದ್ರೆ ನಾನು ಹೇಳ್ತೀನಿ ಅಂತ. ಬಯ್ಯಲೂ ಇಲ್ಲ ಅವರು. ಅದೇ ತಡೆಯೋಕಾಗಲಿಲ್ಲ. ತಳ್ಳಿದೆ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಅಷ್ಟೇ ಮೇಡಂ. ಒಂದೇ ಸಲ."

"ಗಾಡಿಯನ್ನ ಕೆಳಗೆ ಎಸೆದಿದ್ರೆ ಸಾಕಿತ್ತಲ್ಲ," ಎಂದ ಪೇದೆ. "ಚೂರಾಗಿದ್ರೆ ಯಾವ ಗೇರು ಯಾರಿಗೆ ಗೊತ್ತಾಗ್ತಿತ್ತು?"

"ಅಂಥ ಗಾಡಿಯನ್ನ ಎಸೆಯೋದು ಹೇಗೆ?"

"ಹಳೇ ಗೇರನ್ನೇ ಹಾಕಬಹುದಿತ್ತಲ್ಲ," ಎಂದಳು ಇನ್ಸ್‌ಪೆಕ್ಟರ್.

ಅವನು ತಲೆ ಅಲ್ಲಾಡಿಸಿದ. "ಹಾಕೋಕೆ ಹೋದೆ. ಹಲ್ಲು ಹೋದ ಗೇರು ಕೂರಿಸಿ ಸ್ಕ್ರೂ ಬಿಗಿಯೋಕೆ ಕೈ ಬರಲಿಲ್ಲ. ಅವರ ಕೊನೇ ಗಾಡಿ. ಚೆನ್ನಾಗಿರಲಿ ಅನ್ನಿಸ್ತು."

*

ಮರುದಿನ ಗುರುತು ಹಿಡಿಸುವ ಕೆಲಸ. ಪೇದೆ ಅಂಗಡಿಯವನು ಹೇಳಿಕೊಟ್ಟಂತೆ ಹಳೆಯ ಗೇರು ಕೂರಿಸಿಕೊಂಡು ಬಂದಿದ್ದ. ಈ ಸಲ ಹೊಸಿಲಲ್ಲಿ ನಿಲ್ಲಲಿಲ್ಲ.

ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಇನ್ಸ್‌ಪೆಕ್ಟರ್ ಗಾಡಿಯನ್ನು ಕೋಣೆಯ ಆ ತುದಿಯಲ್ಲಿಟ್ಟು ಮೆಲ್ಲಗೆ ಒತ್ತಿದಳು.

ಟಿಕ್. ಟಿಕ್. ಟಿಕ್.

ಹೆಂಗಸು ಮುಖ ಎತ್ತಲಿಲ್ಲ. "ಮೇಜಿನ ಕಾಲಿನ ಹತ್ತಿರ ಬಂತು," ಎಂದರು. "ಚಾಪೆ ಹತ್ತುತಾ ಇದೆ. ಹತ್ತಿತು." ಕೆನ್ನೆ ಒದ್ದೆಯಾಗಿತ್ತು. "ಇದು ನಮ್ಮದು."

"ಅಮ್ಮಾ, ನೀವು ನಿನ್ನೆ ಕೇಳಿದ್ದಕ್ಕೆ ಉತ್ತರ ತಂದಿದೀನಿ. ಅವರು ಕ್ವಾರಿಗೆ ಹೋದಾಗ ಗಾಡಿ ರಿಪೇರಿಗೆ ಬಿಚ್ಚಿತ್ತು. ನಿಮ್ಮ ಬಿಟ್ಟು ಓಡಿಸಲಿಲ್ಲ. ಸ್ಟೇರಿಂಗ್ ಬಿಟ್ಟು ಬೇರೆ ಏನೂ ಮುಟ್ಟಬೇಡ ಅಂತಲೂ ಹೇಳಿ ಕೊಟ್ಟಿದ್ರು."

ಅವರು ಕೆನ್ನೆ ಒರೆಸಿಕೊಂಡರು. ಆಮೇಲೆ ಎದುರಿಗೆ ಯಾರೋ ಕೂತಿರುವಂತೆ ಒಮ್ಮೆ ತಲೆದೂಗಿದರು.

ಗಾಡಿ ಅವರ ಪಾದದ ಬಳಿ ಬಂದಿತ್ತು. ಇನ್ಸ್‌ಪೆಕ್ಟರ್ ಕೊಕ್ಕೆಯಿಂದ ಬೆರಳು ತೆಗೆದು ರಿಮೋಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಚಕ್ರ ನಿಂತಿತು. ಸದ್ದೂ ನಿಂತಿತು.

ಆಮೇಲೆ ಇನ್ನೊಂದು ಬಂತು.

ಟಿಕ್.

ಪೇದೆ ಇನ್ಸ್‌ಪೆಕ್ಟರ್ ಮುಖ ನೋಡಿದ. ಆಕೆ ರಿಮೋಟಿನ ಕಡೆ ತಿರುಗಲಿಲ್ಲ. ಹೆಂಗಸು ಬಗ್ಗಿ, ಬಿಸಿಲಲ್ಲಿ ನಗುತ್ತಿದ್ದ ಬೊಂಬೆಯ ತಲೆ ಸವರಿದರು.

"ಕೇಳಿಸ್ತು ಬಿಡಿ," ಎಂದರು, ಗಂಡನಿಗೆ ಹೇಳುವಂತೆ ಅದಕ್ಕೇ.